ಹೊಲದಲ್ಲಿ ಹೆತ್ತ ವರ್ಷ

ಮಸ್ಕಿಯ ನಮ್ಮ ಮನೆಯಲ್ಲಿ ಮೊದಲ ಇಲಿ ಬಿದ್ದಾಗ ನಾನು ರೊಟ್ಟಿ ಬಡಿಯುತ್ತ ಕೂತಿದ್ದೆ. ಚೊಚ್ಚಲ ಬಸುರಿ, ಬಗ್ಗಿದರೆ ಹೊಟ್ಟೆ ಮೊಣಕಾಲಿಗೆ ತಾಗುವಷ್ಟು ಬೆಳೆದಿತ್ತು. ಜಂತಿಯ ಸಂದಿನಿಂದ ಏನೋ ಜಾರಿ ಒಲೆಯ ಮಗ್ಗುಲಿಗೆ ಬಿತ್ತು. ಮನುಷ್ಯರನ್ನು ಕಂಡರೆ ಓಡಬೇಕಾದ ಇಲಿ ಓಡಲಿಲ್ಲ. ಕುಡಿದವರ ಹಾಗೆ ಅಲ್ಲೇ ಸುತ್ತು ತಿರುಗಿ, ಬಾಯಿ ತೆರೆದುಕೊಂಡು ಮಲಗಿಬಿಟ್ಟಿತು.

ಅತ್ತೆ ಹಿತ್ತಿಲಿನಿಂದ ಬಂದು ನೋಡಿದರು. ಅದನ್ನು ಎತ್ತಿ ಹಾಕಲೂ ಹೋಗಲಿಲ್ಲ. ಹಂಚನ್ನು ಇಳಿಸಿ, ಉರಿಯುವ ಕಟ್ಟಿಗೆಯ ಮೇಲೆ ತಂಬಿಗೆ ನೀರು ಹೊಯ್ದರು.

"ಮ್ಯಾಲೇಳು," ಎಂದರು. "ನಿನ್ನ ಸೀರಿ ಎರಡು ತಗೊ. ಬ್ಯಾರೆ ಏನೂ ಮುಟ್ಟಬ್ಯಾಡ."

"ರೊಟ್ಟಿ, ಅತ್ತಿ?"

"ರೊಟ್ಟಿ ಇಲ್ಲೇ ಇರ್ಲಿ."

ಬಿಸಿ ರೊಟ್ಟಿಗಳನ್ನು ಬುಟ್ಟಿಯಲ್ಲೇ ಬಿಟ್ಟು ಬಾಗಿಲಿಗೆ ಬೀಗ ಹಾಕಿದೆವು. ಓಣಿಗೆ ಬಂದರೆ ಅಲ್ಲೂ ಬೀಗ ಹಾಕುವ ಸದ್ದು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಪ್ಲೇಗು ಹಿಂದೆಯೂ ಬಂದಿದ್ದ ಊರು ಅದು. ಇಲಿ ಬಿದ್ದರೆ ಮುಂದೇನು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಹೊಸಬಳು ನಾನೊಬ್ಬಳೇ.

ನನ್ನ ತವರು ಸಿಂಧನೂರು. ಅಪ್ಪನದು ಕುಸುಬಿ ಎಣ್ಣೆಯ ಗಾಣ. ಮಸ್ಕಿಗೆ ಸೊಸೆಯಾಗಿ ಬಂದು ಎರಡನೇ ವರ್ಷ. ಮಾವ ತೀರಿಹೋಗಿ ಬಹಳ ಕಾಲವಾಗಿತ್ತು. ಹೊಲ, ಮನೆ ಎಲ್ಲ ಅತ್ತೆಯದೇ ಕಾರುಬಾರು. ನಮ್ಮ ಮನೆಯವರು ಲಿಂಗಸುಗೂರಿನ ಕಚೇರಿಯಲ್ಲಿ ಮೊಹರೀರ್, ಉರ್ದುವಿನಲ್ಲಿ ಕಾಗದಪತ್ರ ಬರೆಯುವ ಕೆಲಸ. ನಿಜಾಮರ ಸರ್ಕಾರದಲ್ಲಿ ವಾರದ ರಜೆ ಶುಕ್ರವಾರ. ಆ ಒಂದು ದಿನಕ್ಕೆ ಬಂದು ಹೋಗುತ್ತಿದ್ದರು. ಪ್ಲೇಗು ಶುರುವಾದ ಮೇಲೆ ಅವರನ್ನು ಬೇರೆ ಕೆಲಸಕ್ಕೆ ಹಾಕಿದರು: ಇಲಿ ಬಿದ್ದ ಊರುಗಳಿಗೆ ಜವಾನರ ಜೊತೆ ಹೋಗಿ ಮನೆ ಖಾಲಿ ಮಾಡಿಸುವುದು. ಹೀಗಾಗಿ ರಜೆಯ ದಿನ ಬಂದರೂ ನಮ್ಮನ್ನು ಮುಟ್ಟುವ ಹಾಗಿರಲಿಲ್ಲ.

ನಮ್ಮ ಹೊಲ ಊರಿನಿಂದ ಆಚೆ, ಹಳ್ಳದ ಕಡೆಗಿತ್ತು. ಸುಗ್ಗಿ ಮುಗಿದಿದ್ದರಿಂದ ಜೋಳದ ದಂಟಿಗೆ ಬರವಿರಲಿಲ್ಲ. ದಂಟು ಕಟ್ಟಿ ಗುಡಿಸಲು ಹಾಕಿಕೊಂಡೆವು. ಪಕ್ಕದ ಗುಡಿಸಲು ಮಾವನವರ ಅಕ್ಕನದು. ನಾನು ಅವರನ್ನು ದೊಡ್ಡತ್ತೆ ಎನ್ನುತ್ತಿದ್ದೆ. ಅಲ್ಲಿಂದ ನೋಡಿದರೆ ಮಸ್ಕಿಯ ಗುಡ್ಡ, ಅದರ ಬುಡಕ್ಕೆ ಊರು. ಬೆಳಿಗ್ಗೆ ಹೊಗೆ ಏಳದ ಊರು. ಮೊದಮೊದಲು ಅಲ್ಲಿ ಉಳಿದಿದ್ದ ನಾಯಿಗಳು ಬೊಗಳುವುದು ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತಿತು.

ಬಸುರಿ ಹೆಣ ನೋಡಬಾರದು ಎಂದು ಅತ್ತೆ ಗುಡಿಸಲಿನ ಬಾಗಿಲಿಗೆ ಕಂಬಳಿ ಇಳಿಬಿಟ್ಟರು. ಕಣ್ಣಿಗೆ ಕಾಣಿಸದಿದ್ದದ್ದು ಕಿವಿಗೆ ಕಾಣಿಸತೊಡಗಿತು. ನಾಲ್ಕು ಮಂದಿ ಭಾರ ಹೊತ್ತು ನಡೆವ ಹೆಜ್ಜೆ ಬೇರೆ, ಬರಿಗೈಲಿ ನಡೆವವರ ಹೆಜ್ಜೆ ಬೇರೆ. ಹಿಂದೆ ಅಳುವವರು ಇದ್ದರೆ ಮನೆಯಲ್ಲಿ ಇನ್ನೂ ಯಾರೋ ಉಳಿದಿದ್ದಾರೆ ಎಂದು ಅರ್ಥ. ಅಳುವೇ ಇಲ್ಲದೆ ಹೋದರೆ, ಸ್ವಲ್ಪ ಹೊತ್ತಿಗೆ ದಂಟು ಚಟಚಟ ಸುಡುವ ಸದ್ದು ಬರುತ್ತಿತ್ತು: ಖಾಲಿಯಾದ ಗುಡಿಸಲಿಗೆ ಬೆಂಕಿ ಇಡುತ್ತಿದ್ದರು. ಒಳಗೆ ಕೂತು ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದೆ. ಕೂಸು ಒದ್ದರೆ ಭಯ, ಒದೆಯದಿದ್ದರೆ ಇನ್ನೂ ಭಯ.

ಕುಬುಸದ ದಿನ ಗೊತ್ತಾಗಿತ್ತು. ಅವ್ವ ಹಸಿರು ಸೀರೆ, ಬಳೆ, ಹೋಳಿಗೆ ಬುತ್ತಿ ತಂದು ಉಡಿ ತುಂಬಿ, ಹೆರಿಗೆಗೆ ನನ್ನನ್ನು ಸಿಂಧನೂರಿಗೆ ಕರೆದೊಯ್ಯಬೇಕಿತ್ತು. ಆ ದಿನ ಬಂತು, ಬಂಡಿ ಬರಲಿಲ್ಲ. ಸಿಂಧನೂರಿನಲ್ಲೂ ಇಲಿ ಬಿದ್ದಿವೆ, ಹಳ್ಳದ ಹತ್ತಿರ ಜವಾನರನ್ನು ನಿಲ್ಲಿಸಿ ಆ ಕಡೆಯ ಬಂಡಿಗಳನ್ನು ವಾಪಸ್ ಕಳಿಸುತ್ತಿದ್ದಾರೆ ಎಂದು ಸುದ್ದಿ ಬಂತು.

"ನಿಮ್ಮವ್ವ ದಾರಿ ಬಿಟ್ಟ ಕೂಡ್ಲೆ ಬರ್ತಾಳ," ಎಂದರು ಅತ್ತೆ.

ಅದಾದ ಕೆಲವು ದಿನಕ್ಕೆ ಬಳಗಾನೂರು ಕಡೆಯ ಬಂಡಿಯವನೊಬ್ಬ ಹಳ್ಳದ ಆಚೆ ದಂಡೆಯಲ್ಲಿ ನಿಂತು ನಮ್ಮ ಮನೆತನದ ಹೆಸರು ಹಿಡಿದು ಕೂಗುತ್ತಿದ್ದಾನೆ ಎಂದು ಯಾರೋ ಬಂದು ಹೇಳಿದರು. ಅತ್ತೆ ಹೋದರು. ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ತಲೆಗೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಉಟ್ಟ ಸೀರೆ ಪೂರ್ತಿ ಒದ್ದೆ. ಅದು ಅವರು ತಲೆಗೆ ನೀರು ಹಾಕಿಕೊಳ್ಳುವ ವಾರವಲ್ಲ. ಚಳಿಗಾಲದ ಗಾಳಿ ಬೇರೆ.

"ಯಾರಂತ ಅತ್ತಿ? ಏನಂದ?"

"ಏನಿಲ್ಲ. ಎತ್ತು ಮಾರೋದೈತೇನ್ರಿ ಅಂತ ಕೇಳಿದ."

"ತಲಿ ಯಾಕ ತೋಯ್ಸಿಕೊಂಡ್ರಿ?"

"ಬಿಸಲಾಗ ನಿಂತಿದ್ನೆಲ್ಲ, ತಲಿ ಸುತ್ತಿದಂಗಾತು."

ಅಷ್ಟು ಹೇಳಿ ಅವರು ನನ್ನ ಕಡೆ ಬೆನ್ನು ಮಾಡಿ ಸೀರೆ ಹಿಂಡತೊಡಗಿದರು. ಆ ಸಂಜೆ ನನ್ನ ತಟ್ಟೆಗೆ ತಾವೇ ತುಪ್ಪ ಹಾಕಿದರು. ಕೈ ಬಿಗಿ ಮಾಡುವ ಹೆಂಗಸು ಅವರು; ಕೇಳದೆ ತುಪ್ಪ ಹಾಕಿದವರಲ್ಲ. ನಾನು ಉಂಡೆ. ಗಂಟಲಲ್ಲಿ ತುತ್ತು ಇಳಿಯುವಾಗ, ಇದನ್ನು ಕೇಳಬಾರದು, ಕೇಳಿದರೆ ಹೇಳಿಬಿಡುತ್ತಾರೆ ಎಂದು ಅನಿಸುತ್ತಿತ್ತು. ಅಂದಿನಿಂದ ಅವ್ವನ ಮಾತು ಎತ್ತುವುದನ್ನು ನಿಲ್ಲಿಸಿದೆ. ಅತ್ತೆಯೂ ಎತ್ತಲಿಲ್ಲ. ಇಬ್ಬರೂ ಒಂದೇ ಗುಡಿಸಲಿನಲ್ಲಿ, ಆ ಒಂದು ಮಾತನ್ನು ಸುತ್ತಿ ಬಳಸಿ ಓಡಾಡಿದೆವು.

ನೋವು ಬಂದದ್ದು ಒಂದು ಮಧ್ಯಾಹ್ನ. ಸೂಲಗಿತ್ತಿ ಮುಸಲ್ಮಾನರ ಮುದುಕಿ. ಮಸ್ಕಿಯಲ್ಲಿ ಅರ್ಧ ಊರನ್ನು ಕೈಯಲ್ಲಿ ಹಿಡಿದು ಎತ್ತಿದವಳು. ಬೇವಿನ ಸೊಪ್ಪಿನ ಹೊಗೆಯಲ್ಲಿ ನಿಂತು, ಕೈಗೆ ಬೂದಿ ತಿಕ್ಕಿಕೊಂಡು ಒಳಗೆ ಬಂದಳು. ಹೊತ್ತು ಇಳಿಯುವುದರೊಳಗೆ ಹೆಣ್ಣು ಕೂಸು ಹುಟ್ಟಿತು.

"ಬೇಟಿ ಹುಟ್ಯಾಳ ನೋಡವಾ," ಎಂದು ಎದೆಯ ಮೇಲೆ ಮಲಗಿಸಿದಳು. "ಚಂದ ಅದಾಳ. ನಗು ಸ್ವಲ್ಪ."

ನಾನು ನೋಡಿದೆ. ಎದೆಯೊಳಗೆ ಏನೂ ಏಳಲಿಲ್ಲ. ಸಂತೆಯಲ್ಲಿ ಯಾರೋ ತಮ್ಮ ಕೂಸನ್ನು ಒಂದು ಗಳಿಗೆ ಹಿಡಕೊಳ್ಳಿ ಎಂದು ಕೊಟ್ಟು ಮರೆಯಾದ ಹಾಗಿತ್ತು. ಅವರು ಬರಲಿ, ತಗೊಂಡು ಹೋಗಲಿ ಎಂದು ಕಾಯುತ್ತಿದ್ದೆ. ದಣಿವು ಎಂದುಕೊಂಡೆ. ದಣಿವು ಆರಿದ ಮೇಲೂ ಅದು ಹಾಗೇ ಇತ್ತು.

ಬಾಣಂತನಕ್ಕೆ ಅತ್ತೆ ಯಾವುದನ್ನೂ ಕಡಿಮೆ ಮಾಡಲಿಲ್ಲ. ಹೊರಸಿನ ಕೆಳಗೆ ಕುಳ್ಳಿನ ಕೆಂಡ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ಅಳವಿ ಪಾಯಸ, ಬೆಳ್ಳುಳ್ಳಿ. ನಿದ್ದೆ ಮಾತ್ರ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ದಂಟು ಸುಡುವ ಸದ್ದು. ಆ ದಿನಗಳಲ್ಲೇ ಮೂರನೇ ಗುಡಿಸಲಿನ ಒಂದು ಮಗು ಹೋಯಿತು. ಕಂಬಳಿಯ ಆಚೆ ದೊಡ್ಡತ್ತೆ ಯಾರಿಗೋ ಹೇಳುತ್ತಿದ್ದರು: "ಮುಂಜಾನೆ ಆಡಾಕತ್ತಿತ್ತು. ಕಂಕುಳಾಗ ಗಡ್ಡಿ ಕಂಡ್ತು ನೋಡು, ಮುಗದೇ ಹೋತು."

ಅದನ್ನು ಕೇಳಿದ ಕೂಡಲೇ ನಾನು ಕೂಸಿನ ಕೈ ಎತ್ತಿ ಕಂಕುಳು ಮುಟ್ಟಿ ನೋಡಿದೆ. ಏನೂ ಇರಲಿಲ್ಲ. ಹಗುರಾಯಿತು. ಕೆಳಗೆ ಮಲಗಿಸಿದೆ. ಸರಿಯಾಗಿ ನೋಡಿದೆನೋ ಇಲ್ಲವೋ ಎನಿಸಿತು. ಮತ್ತೆ ಎತ್ತಿದೆ. ಈ ಕಂಕುಳು, ಆ ಕಂಕುಳು, ತೊಡೆಸಂದು, ಕುತ್ತಿಗೆ. ಮೆತ್ತಗೆ ಮುಟ್ಟಿದರೆ ಒಳಗಿನ ಗಡ್ಡೆ ತಿಳಿಯುವುದಿಲ್ಲ ಎನಿಸಿ ಒತ್ತಿ ನೋಡಿದೆ. ಕೂಸು ಅತ್ತಿತು. ನೋವಾಗಿ ಅತ್ತಿತೋ, ಒಳಗೆ ಗಡ್ಡೆ ಇದ್ದು ಅತ್ತಿತೋ? ಮತ್ತೆ ಒತ್ತಿದೆ.

ಹೀಗೆ ಶುರುವಾದದ್ದು ಹಗಲೆಲ್ಲ ಅದೇ ಕೆಲಸವಾಯಿತು. ಮೊಲೆ ಕೊಡುವಾಗಲೂ ಬೆರಳು ಅಲ್ಲೇ ಹೋಗುತ್ತಿತ್ತು. ನಾನೇ ಬೇಡ ಬೇಡ ಎನ್ನುತ್ತಿದ್ದೆ, ಬೆರಳು ಹೋಗುತ್ತಿತ್ತು. ಕೂಸಿನ ಮೈಯಿಂದ ಹಾಲಿನ ವಾಸನೆಯ ಬದಲು ಸತ್ತ ಇಲಿಯ ವಾಸನೆ ಬರತೊಡಗಿತು. ಇನ್ನೊಂದು ಯೋಚನೆ ಅದರ ಹಿಂದೆಯೇ ಬಂತು: ಒಲೆಯ ಬಳಿ ಬಿದ್ದ ಇಲಿ ನನ್ನ ಕಣ್ಣ ಮುಂದೆ ಸತ್ತದ್ದು, ಆ ಬೇನೆ ನನ್ನ ಕೈಯಲ್ಲೇ ಇದೆ, ನಾನು ಮುಟ್ಟಿದ್ದರಿಂದಲೇ ಗಡ್ಡೆ ಏಳುತ್ತದೆ.

ಒಂದು ಬೆಳಿಗ್ಗೆ ಅತ್ತೆ ಕೂಸಿಗೆ ಎರೆಯಲು ಕಾಲ ಮೇಲೆ ಮಲಗಿಸಿಕೊಂಡವರು ಕೈ ತಡೆದರು. ಎರಡೂ ಕಂಕುಳಿನ ಕೆಳಗೆ ನೀಲಿಗಟ್ಟಿತ್ತು. ಬೆರಳಿನ ಗುರುತು.

"ಇದೇನು?"

"ನಾನೇ," ಎಂದೆ. "ಗಡ್ಡಿ ಐತೇನಂತ ನೋಡ್ತೀನಿ. ಅತ್ತಿ, ಕೂಸನ್ನ ನನ್ನ ಕೈಯಾಗ ಕೊಡಬ್ಯಾಡ್ರಿ. ನನ್ನ ಕೈ ನನ್ನ ಮಾತು ಕೇಳವಲ್ಲವು."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ನನ್ನ ಮುಖವನ್ನೇ ನೋಡಿದರು, ಹಿಂದೆ ಎಂದೋ ಕಂಡವರನ್ನು ಮತ್ತೆ ಕಂಡ ಹಾಗೆ. ಆಮೇಲೆ ಕೂಸಿಗೆ ನೀರು ಹಾಕಿದರು.

ಗುಡಿಸಲುಗಳಲ್ಲಿ ಗೋಡೆ ಇಲ್ಲ. ದೊಡ್ಡತ್ತೆಗೆ ಎಲ್ಲ ಕೇಳಿಸಿತ್ತು. ಅವರು ಬಂದು ಬಾಗಿಲಲ್ಲಿ ಕೂತರು.

"ಇದು ಬಾಣಂತಿ ಸನ್ನಿ," ಎಂದರು. "ಹಿಂಗ ಬಿಟ್ರ ಕೂಸನ್ನ ಕೊಂದಾಳ. ಹಳ್ಳದ ಆಚಿ ಒಬ್ಬಾಂವ ಅದಾನ, ಬರಿ ಹಾಕ್ತಾನ. ಕಾದ ಕಬ್ಬಿಣ ಒಮ್ಮೆ ಮುಟ್ಟಿಸಿದ್ರ ಹಿಡದದ್ದು ಬಿಟ್ಟು ಹೊಕ್ಕೈತಿ. ಕರಸ್ಲೇನು?"

"ಬರಿ ಹಾಕೋ ಮಾತು ನನ್ನ ಗುಡಿಸಲದಾಗ ಆಡಬ್ಯಾಡ್ರಿ," ಎಂದರು ಅತ್ತೆ.

"ನಿನಗ ಗೊತ್ತಿಲ್ಲದ್ದಲ್ಲ."

"ಗೊತ್ತೈತಿ ಅಂತನ ಹೇಳಾಕತ್ತೀನಿ."

ದೊಡ್ಡತ್ತೆ ಎದ್ದು ಹೋದರು. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಮರುದಿನದಿಂದ ನೀರಿಗೆ ಹೋಗುವ ಹೆಂಗಸರು ನಮ್ಮ ಗುಡಿಸಲಿನ ಮುಂದೆ ಬರುವಾಗ ದನಿ ತಗ್ಗಿಸುತ್ತಿದ್ದರು. ತಮ್ಮ ಮಕ್ಕಳನ್ನು ಸೆರಗಿನ ಆ ಬದಿಗೆ ಎಳೆದುಕೊಳ್ಳುತ್ತಿದ್ದರು.

ಶುಕ್ರವಾರ ನಮ್ಮ ಮನೆಯವರು ಬಂದು ಮುಳ್ಳಿನ ಬೇಲಿಯ ಹೊರಗೆ ನಿಂತರು. ಗಡ್ಡ ಬೆಳೆದಿತ್ತು. ಎಷ್ಟೋ ಮಂದಿಯ ಮನೆಗಳನ್ನು ಖಾಲಿ ಮಾಡಿಸಿ ಬಂದ ಮುಖ. ಅತ್ತೆ ಕೂಸನ್ನು ಎತ್ತಿ ದೂರದಿಂದಲೇ ತೋರಿಸಿದರು. ನಾನು ಕಂಬಳಿ ಸರಿಸಿ ಕೇಳಿದೆ.

"ಸಿಂಧನೂರಿನ ಸುದ್ದಿ ಏನರ ಐತೇನ್ರಿ?"

ಅವರು ತಾಯಿಯ ಕಡೆ ನೋಡಿದರು.

"ಎಲ್ಲಾರೂ ಆರಾಮ ಅದಾರ," ಎಂದರು. "ದಾರಿ ಬಂದ್ ಐತಿ, ಅಷ್ಟ."

ಎಲ್ಲಾರೂ ಎಂದರು. ನಿಮ್ಮವ್ವ ಎನ್ನಲಿಲ್ಲ. ನಾನು ಕಂಬಳಿ ಇಳಿಬಿಟ್ಟೆ.

ನಾನು ಹೊರಟದ್ದು ಅದರ ಮರುವಾರದ ಒಂದು ಮಧ್ಯಾಹ್ನ. ಅತ್ತೆ ಹಳ್ಳದ ಒರತೆಗೆ ನೀರಿಗೆ ಹೋಗಿದ್ದರು. ಕೂಸು ಸೀರೆಯ ತೊಟ್ಟಿಲಲ್ಲಿ ಮಲಗಿತ್ತು. ನಾನು ಅದರಿಂದ ದೂರ ಕೂತಿದ್ದೆ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು. ಕೈಗಳು ತೊಟ್ಟಿಲ ಕಡೆ ಎಳೆಯತೊಡಗಿದವು. ಈಗ ಮುಟ್ಟಿದರೆ ನಿಲ್ಲಿಸಲು ಯಾರೂ ಇಲ್ಲ ಎನ್ನುವುದು ತಲೆಗೆ ಹೊಳೆಯಿತು. ಎದ್ದೆ. ತೊಟ್ಟಿಲ ಕಡೆ ನೋಡದೆ ಹೊರಗೆ ಬಂದು ಸಿಂಧನೂರಿನ ಬಂಡಿ ದಾರಿ ಹಿಡಿದೆ.

ತಲೆಗೆ ಕಟ್ಟಿದ ಬಟ್ಟೆ, ಕಾಲಲ್ಲಿ ಏನೂ ಇಲ್ಲ. ಎರೆಹೊಲದ ಒಣಗಿದ ಹೆಂಟೆಗಳು ಅಂಗಾಲಿಗೆ ಚುಚ್ಚುತ್ತಿದ್ದವು. ಆದರೂ ನಡೆಯುವುದು ಸುಲಭವಾಗಿತ್ತು. ಒಂದೊಂದು ಹೆಜ್ಜೆಗೂ ಕೂಸು ನನ್ನಿಂದ ದೂರವಾಗುತ್ತಿತ್ತು, ಬದುಕುತ್ತಿತ್ತು. ಎದೆಯಲ್ಲಿ ಹಾಲು ಸುರಿದು ಕುಪ್ಪಸ ನೆನೆಯಿತು. ಅದು ಬೇರೆ ಯಾರದೋ ಮೈ ಎನ್ನುವಂತೆ ನಡೆದೆ.

ಹಳ್ಳದ ದಾಟಿನಲ್ಲಿ ಜವಾನ ಕೂತಿದ್ದ. ನನ್ನನ್ನು ಕಂಡು ಕೋಲು ಹಿಡಿದು ಎದ್ದ.

"ಎಲ್ಲಿಗಮ್ಮ? ರಸ್ತಾ ಬಂದ್ ಐತಿ."

"ತವರಿಗೆ."

ಅವನು ನನ್ನ ತಲೆಯ ಬಟ್ಟೆ ನೋಡಿದ, ಕಾಲು ನೋಡಿದ, ನೆನೆದ ಕುಪ್ಪಸ ಕಂಡು ಮುಖ ತಿರುಗಿಸಿದ. "ಆ ಜಾಲಿ ನೆಳ್ಳಿಗೆ ಕೂತ್ಕೋರಿ," ಎಂದ. "ಹಸಿ ಬಾಣಂತಿ ಇದ್ದೀರಿ. ನಿಮ್ಮ ಮಂದಿ ಬರ್ತಾರ." ನಾನು ಕೂರಲಿಲ್ಲ. ಅವನೂ ಮತ್ತೆ ಹೇಳಲಿಲ್ಲ. ದಾರಿಗೆ ಅಡ್ಡ ನಿಂತಿದ್ದ, ಅಷ್ಟೇ.

ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ಓಡಿ ಬಂದಿದ್ದರು, ಏದುಸಿರು ಬಿಡುತ್ತಿದ್ದರು. ಕೂಸನ್ನು ಸೆರಗಿನಲ್ಲಿ ಎದೆಗೆ ಕಟ್ಟಿಕೊಂಡಿದ್ದರು. ನನ್ನ ಕೈ ಹಿಡಿದು ಎಳೆಯಲಿಲ್ಲ. ನೆಲದ ಮೇಲೆ ಕೂತು, ಉಸಿರು ಒಂದು ಹದಕ್ಕೆ ಬಂದ ಮೇಲೆ ಹೇಳಿದರು.

"ಅಲ್ಲಿಗೆ ಹೋಗಿ ಏನ ಮಾಡ್ತಿ. ನಿಮ್ಮವ್ವ ಇಲ್ಲ."

ನಾನು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡೆ.

"ಕುಬುಸದ ಹೊತ್ತಿಗೇ ಹೋಗ್ಯಾಳ. ನಿಮ್ಮಪ್ಪ ಉಳದಾನ. ನಿನಗ ಹೇಳಿದ್ರ ಬಸರು ಉಳಿಯಾಂಗಿಲ್ಲ ಅಂತ ಹೇಳ್ಲಿಲ್ಲ."

"ಗೊತ್ತಿತ್ತು ನನಗ."

"ಯಾವಾಗಿಂದ?"

"ನೀವು ತಲಿ ತೋಯ್ಸಿಕೊಂಡು ಬಂದ ದಿನದಿಂದ."

ಅತ್ತೆ ತಲೆ ಬಗ್ಗಿಸಿದರು. ಜವಾನ ದೂರ ಸರಿದು ಹಳ್ಳದ ಕಡೆ ಮುಖ ಮಾಡಿ ನಿಂತ.

"ನಾ ಅವ್ವನ್ನ ನೋಡಾಕ ಹೊಂಟಿಲ್ಲ ಅತ್ತಿ," ಎಂದೆ. "ಕೂಸಿನಿಂದ ದೂರ ಹೊಂಟೀನಿ. ನಾ ಹತ್ರ ಇದ್ರ ಅದು ಉಳಿಯಂಗಿಲ್ಲ."

ಆಗ ಅವರು ಬಲಗೈ ಮುಂದೆ ಚಾಚಿ ಕುಪ್ಪಸದ ತೋಳು ಮೇಲೆ ಸರಿಸಿದರು. ರೆಟ್ಟೆಯ ಒಳಮಗ್ಗುಲಲ್ಲಿ ಹಳೆಯ ಬರೆಗಳು, ಒಂದರ ಕೆಳಗೊಂದು, ಹೊಳೆಯುವ ಚರ್ಮ.

"ದೊಡ್ಡ ಜ್ವರದ ವರ್ಷ ನನಗೂ ಒಂದು ಹುಟ್ಟಿತ್ತು," ಎಂದರು. "ನಿನ್ನ ಗಂಡ ಆಗ ಸಣ್ಣಾಂವ. ಮನಿಮನಿಗೆ ಜ್ವರ, ಹೆಣ ಹೊರೋರು ಇಲ್ಲ. ಕೂಸಿನ ಉಸರು ನಿಂತೈತಿ ಅಂತ ನನಗ ಅನ್ಸೋದು. ಮಕ್ಕೊಂಡ ಕೂಸನ್ನ ಅಲಗಾಡ್ಸಿ ಎಬ್ಬಸ್ತಿದ್ದೆ. ಎಬ್ಬಸ್ತಿದ್ದೆ, ಮತ್ತ ಎಬ್ಬಸ್ತಿದ್ದೆ. ಸನ್ನಿ ಅಂದ್ರು. ಹಿಡಕೊಂಡು ಬರಿ ಹಾಕಿದ್ರು. ನನ್ನ ಕಾಲು ಹಿಡಕೊಂಡಾಕಿ ನಿಮ್ಮ ದೊಡ್ಡತ್ತಿ."

"ಕೂಸು?"

"ಬ್ಯಾರೆ ಕಡೆ ಇಟ್ಟಿದ್ರು. ಅಲ್ಲೇ ಜ್ವರ ಬಂದು ಹೋತು. ಒಯ್ದ ಮ್ಯಾಲ ನಾ ಮುಟ್ಟೇ ಇರ್ಲಿಲ್ಲ. ಆದ್ರೂ ನನ್ನ ಕೈಯಿಂದ ಹೋತು ಅಂದ್ರು. ನಾನೂ ಹಂಗ ತಿಳಕೊಂಡಿದ್ದೆ ಭಾಳ ವರ್ಷ."

ಅವರ ದನಿಯಲ್ಲಿ ಅಳು ಇರಲಿಲ್ಲ. ಎತ್ತಿನ ವ್ಯಾಪಾರ ಹೇಳುವಷ್ಟೇ ಸಾದಾ ದನಿ. ಅದಕ್ಕೇ ಇರಬೇಕು, ನಾನು ನಂಬಿದೆ.

"ನಾ ಹೇಳಿದಂಗ ಕೇಳ್ತಿಯೇನು?" ಎಂದರು. "ಕೂಸನ್ನ ದೂರ ಇಡಂಗಿಲ್ಲ. ನಿನ್ನೂ ಬಿಡಂಗಿಲ್ಲ. ದಿನಾ ಮುಂಜಾನೆ ಎರಿಯೋವಾಗ ನಿನ್ನ ಮುಂದ ನಾನ ಕಂಕುಳು ನೋಡ್ತೀನಿ. ಒಮ್ಮೆ. ಅದರ ಮ್ಯಾಲ ಮರುದಿನದ ತನಕ ಯಾರೂ ನೋಡಂಗಿಲ್ಲ. ನೋಡಬೇಕು ಅನ್ನಿಸಿದ್ರ ನನ್ನ ಕೇಳು."

ಗುಡಿಸಲಿಗೆ ವಾಪಸ್ ನಡೆದೆವು. ಅವರು ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಅಂದಿನಿಂದ ಒರತೆಯ ನೀರನ್ನು ಸೂಲಗಿತ್ತಿಯೇ ತಂದುಕೊಡುತ್ತಿದ್ದಳು. ಅತ್ತೆ ನನ್ನ ಪಕ್ಕದಿಂದ ಕದಲುತ್ತಿರಲಿಲ್ಲ. ಮೊಲೆ ಕೊಡುವಾಗ ನನ್ನ ಬಲಗೈಯನ್ನು ತಮ್ಮ ಕೈಯಲ್ಲಿ ಹಿಡಿದು ಕೂರುತ್ತಿದ್ದರು. ನಾನು ಕೇಳುತ್ತಿದ್ದೆ, "ಅತ್ತಿ, ನೋಡಿದ್ರ್ಯಾ?" ಅವರು, "ನೋಡೀನಿ. ಏನಿಲ್ಲ," ಎನ್ನುತ್ತಿದ್ದರು. ಒಂದೇ ಹಗಲಲ್ಲಿ ಎಷ್ಟು ಸಲ ಕೇಳಿದರೂ ಅದೇ ಉತ್ತರ, ಅದೇ ದನಿ. ಬೇಸರ ಮಾಡಿಕೊಂಡಿದ್ದರೆ ನಾನು ಮುರಿದುಹೋಗುತ್ತಿದ್ದೆ.

ಒಮ್ಮೆಲೇ ಏನೂ ಸರಿಯಾಗಲಿಲ್ಲ. ಕೆಲವು ದಿನ ಕೇಳುವುದು ಕಡಿಮೆಯಾಗುತ್ತಿತ್ತು, ಎಲ್ಲೋ ಒಂದು ಗುಡಿಸಲು ಸುಟ್ಟ ವಾಸನೆ ಬಂದರೆ ಮತ್ತೆ ಹೆಚ್ಚಾಗುತ್ತಿತ್ತು. ಕೂಸಿನ ಮೈಯ ನೀಲಿ ಮೊದಲು ಹಳದಿಗೆ ತಿರುಗಿ ಆಮೇಲೆ ಮಾಯವಾಯಿತು. ಬಿಸಿಲು ಏರಿದಂತೆ ಪ್ಲೇಗು ಇಳಿಯಿತು. ಒಂದು ದಿನ ಕೂಸು ನನ್ನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಬಿಡಲಿಲ್ಲ. ಬಿಡಿಸಲು ಹೋದಾಗ ಅದರ ಬೆರಳುಗಳು ಅವ್ವನ ಬೆರಳುಗಳಂತೆ ಚೂಪಾಗಿರುವುದು ಕಂಡಿತು. ಆಗ ಅಳು ಬಂತು. ಬಂದದ್ದು ನಿಲ್ಲಲಿಲ್ಲ. ಅತ್ತೆ ಏಳಲಿಲ್ಲ, ಸಮಾಧಾನ ಹೇಳಲಿಲ್ಲ. "ಅಳು," ಎಂದರು, ಜೋಳ ಹಸನು ಮಾಡುತ್ತ.

ದಾರಿ ಬಿಟ್ಟ ಮೇಲೆ ಸಿಂಧನೂರಿಗೆ ಹೋದೆ. ಅತ್ತೆಯೂ ಜೊತೆಗೆ ಬಂದರು. ಅಪ್ಪ ಗಾಣ ಹೂಡಿದ್ದ, ಎತ್ತು ಸುತ್ತುತ್ತಿತ್ತು. ನನ್ನನ್ನು ಕಂಡು ನಿಲ್ಲಿಸಲಿಲ್ಲ. ನಾನು ಕೂಸನ್ನು ಅವನ ಮುಂದೆ ಹಿಡಿದೆ. ಎಣ್ಣೆಯ ಕೈಯನ್ನು ಅದರ ತಲೆಯ ಮೇಲೆ ಇಟ್ಟು ಹೇಳಿದ: "ಕಡೀಕ ನಿಮ್ಮವ್ವ ಎಲ್ಲಾರ ಹೆಸರೂ ತಗೊಂಡ್ಲು. ನಿಂದೊಂದ ತಗೊಳ್ಲಿಲ್ಲ. ಕರದ್ರ ನೀ ಬಂದ್ಬಿಡ್ತಿ ಅಂತ ಅಂಜಿದ್ಲವಾ."

ಮುಂದೆ ನನಗೆ ಇನ್ನೂ ಮಕ್ಕಳಾದವು. ಪ್ರತಿ ಸಲ ಬಸುರಾದಾಗಲೂ ಆ ಭಯ ದೂರದ ಬಂಡಿಯ ಸದ್ದಿನಂತೆ ಕೇಳಿಸುತ್ತಿತ್ತು. ಒಮ್ಮೆ ಹತ್ತಿರಕ್ಕೂ ಬಂತು. ಅತ್ತೆ ಇದ್ದರು, ಕೈ ಹಿಡಿದು ಕೂತರು, ದಾಟಿ ಹೋಯಿತು.

ಮಸ್ಕಿಯಲ್ಲಿ ಯಾರ ಮನೆಯಲ್ಲಾದರೂ ಬಾಣಂತಿಗೆ ಸನ್ನಿ ಹಿಡಿದಿದೆ ಎಂದು ಸುದ್ದಿ ಬಂದರೆ ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗುತ್ತಿದ್ದರು. ಕರೆಯುವ ತನಕ ಕಾಯುತ್ತಿರಲಿಲ್ಲ. ಜಾತಿ, ಓಣಿ ನೋಡುತ್ತಿರಲಿಲ್ಲ. ನನ್ನನ್ನೂ ಕರೆದೊಯ್ಯುತ್ತಿದ್ದರು. ಒಂದು ಮನೆಯಲ್ಲಿ ಮಾತ್ರ ಬಾಗಿಲು ತೆರೆಯಲಿಲ್ಲ. ಹೊಸ ಬಾಣಂತಿ, ನನಗಿಂತ ಸಣ್ಣವಳು. ಒಳಗಿನಿಂದ ಕಬ್ಬಿಣ ಕಾಯಿಸುವ ವಾಸನೆ ಬರುತ್ತಿತ್ತು. "ನಮ್ಮ ಮನಿ ಸುದ್ದಿ ನಿಮಗ್ಯಾಕ್ರಿ," ಎಂದು ಗಂಡಸಿನ ದನಿ ಕೇಳಿತು. ಅತ್ತೆ ಕಟ್ಟೆಯ ಮೇಲೆ ಸಂಜೆಯ ತನಕ ಕೂತರು. ಮರುವಾರ ಆ ಹುಡುಗಿ ಬಾವಿಯಲ್ಲಿ ಸಿಕ್ಕಳು.

ಅತ್ತೆ ಎರಡು ದಿನ ಊಟ ಮಾಡಲಿಲ್ಲ, ಅಷ್ಟೇ. ಅದರ ಮರುವರ್ಷ ಇನ್ನೊಂದು ಮನೆಯಿಂದ ಅಂಥದ್ದೇ ಸುದ್ದಿ ಬಂತು. ಹೋಗಿ ನೋಡಿದರೆ ಅಲ್ಲೂ ಬಾಗಿಲು ಹಾಕಿತ್ತು. ನಾನು ಕಟ್ಟೆಯ ಮೇಲೆ ಕೂರಲು ಹೋದೆ. ಅತ್ತೆ ನನ್ನ ಸೆರಗು ಜಗ್ಗಿ, ಓಣಿ ಸುತ್ತಿ ಹಿತ್ತಿಲಿಗೆ ಕರೆದೊಯ್ದು, ಮುಳ್ಳು ಸರಿಸಿ ಒಳಗೆ ನುಗ್ಗಿದರು.